ಸುಡುವ ಮೊದಲಿನ ಬೂದಿ

ಒಂದು ಗ್ರಾಂ. ಅದಕ್ಕಿಂತ ಹೆಚ್ಚು ಬೇಡ.
ಪಿಂಗಾಣಿ ಬಟ್ಟಲಲ್ಲಿ ಕಲ್ಲಿದ್ದಲ ಹಿಟ್ಟು,
ಏಳುನೂರೈವತ್ತು ಡಿಗ್ರಿಯ ಕುಲುಮೆಯ ಬಾಯಿಗಿಟ್ಟು
ಡೆಲ್ಫಿಯಾ ಸೈಜ್‌ಮೋರ್ ಕಾಯುತ್ತಿದ್ದಳು
ರಾತ್ರಿ ಪಾಳಿಯ ಮೂರನೆಯ ಕಾಫಿ ಆರುವ ತನಕ.

ಸುಡುವುದೆಲ್ಲ ಸುಟ್ಟುಹೋದ ಮೇಲೆ
ಉಳಿದದ್ದನ್ನು ತೂಗಬೇಕು.
ನೂರಕ್ಕೆ ಹನ್ನೆರಡಿದ್ದರೆ ರೈಲು ಹೊರಡುತ್ತದೆ,
ಹದಿನಾಲ್ಕಾದರೆ ಫೋನು ಬರುತ್ತದೆ.
ಕೆಂಟಕಿಯ ಆ ಕಣಿವೆಯಲ್ಲಿ
ಇಪ್ಪತ್ತಾರು ವರ್ಷ ಅವಳು ಬರೆದದ್ದು ಇಷ್ಟೇ:
ಬೆಂಕಿಗೆ ಬೇಡವಾದದ್ದರ ಲೆಕ್ಕ.

ಬಟ್ಟಲ ತಳದಲ್ಲಿ ಒಮ್ಮೆ ಬೂದು, ಒಮ್ಮೆ ತೆಳು ಗುಲಾಬಿ,
ಒಮ್ಮೊಮ್ಮೆ ಇಟ್ಟಿಗೆಯ ಕೆಂಪು.
ಕೆಂಪಾದರೆ ಕಬ್ಬಿಣ. ಕಬ್ಬಿಣವಿದ್ದಲ್ಲಿ ಗಂಧಕ.
ಗಂಧಕವೆಂದರೆ ಸಮುದ್ರ.
ಹೀಗೆ ಹಿಂದುಹಿಂದಕ್ಕೆ ಎಣಿಸಲು ಕಲಿಸಿದವಳು
ಲೆಕ್ಸಿಂಗ್ಟನ್ನಿನಿಂದ ಸುತ್ತಿಗೆ ಹಿಡಿದು ಬಂದ ಹುಡುಗಿ, ಮಾರೆನ್.

ಕಾಡು ಜೌಗಿನಲ್ಲಿ ಕೊಳೆಯುತ್ತಿದ್ದಾಗ
ಉಪ್ಪುನೀರು ಒಳನುಗ್ಗಿತಂತೆ.
ತಾನು ಹಿಂದೆ ಸರಿದರೂ ಗಂಧಕ ಬಿಟ್ಟುಹೋಯಿತು.
ಅದು ಕಬ್ಬಿಣದ ಕೈ ಹಿಡಿದು ಚಿನ್ನದ ಹಾಗೆ ಮಿನುಗಿತು,
ಆ ಮಿನುಗಿನ ಸೆರಗಿನ ಗಂಟಿನಲ್ಲಿ ಚಿಟಿಕೆ ಪಾಷಾಣ.
(ಕಲ್ಲಿಗೂ ವಿಷಕ್ಕೂ ನಮ್ಮಲ್ಲಿ ಒಂದೇ ಹೆಸರು;
ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ.)
ಜೇಡಿಯನ್ನು ನದಿ ಹೊತ್ತು ತಂದಿತು.
ಮರಳಿನ ಸತ್ವವನ್ನು ಗಿಡಗಳೇ ಬೇರಿನಿಂದ ಹೀರಿ
ಮೈಗೆ ಗಾಜು ಬಳಿದುಕೊಂಡವು.
ಸತು, ಸೀಸ ತಡವಾಗಿ ಬಂದವು,
ಎಲ್ಲ ಮುಗಿದು, ಬಿರುಕು ಬಿಟ್ಟ ಮೇಲೆ, ಬಿಸಿನೀರಿನ ಜೊತೆ.

"ಹೊಳೆಯುವವರ ಸಹವಾಸ ನಮಗೂ ಗೊತ್ತು,"
ಕಂಪನಿಯ ಹಳೇ ಕ್ಯಾಲೆಂಡರು ನೋಡುತ್ತ ಅಂದಳು ಡೆಲ್ಫಿಯಾ.
"ಆದರೆ ಆ ಕಲ್ಲು?"

ಇದ್ದಲಿನ ನಡುವೆ ನಾಲ್ಕು ಬೆರಳು ದಪ್ಪ,
ಕಂದು, ಒಡೆದರೆ ಶಂಖದ ಒಳಮೈಯ ನುಣುಪು.
ಗಣಿಯವರ ಬಾಯಲ್ಲಿ ಜಾಕ್‌ರಾಕ್.
ಗಂಡ ಆರ್ಬಿನ್ ಅದಕ್ಕೆ ಇಟ್ಟ ಹೆಸರುಗಳನ್ನು
ಇಲ್ಲಿ ಬರೆಯುವ ಹಾಗಿಲ್ಲ.
ಯಂತ್ರದ ಹಲ್ಲು ಮುರಿಯುತ್ತಿತ್ತು.
ಇವನು ಮಂಡಿಯೂರಿ ಆಯ್ದು ಆಯ್ದು ಎಸೆಯುತ್ತಿದ್ದ,
ಎಸೆಯದೆ ಬಿಟ್ಟದ್ದು ಅವಳ ಬಟ್ಟಲಿಗೆ ಬರುತ್ತಿತ್ತು.
"ಇವತ್ತು ಹದಿಮೂರೂವರೆ" ಎಂದರೆ ಸಾಕು,
ತಟ್ಟೆ ಸರಿಸಿ ಎದ್ದುಹೋಗುತ್ತಿದ್ದ.

ಮಾರೆನ್ ಹೇಳಿದಳು: ಇದು ನದಿಯದಲ್ಲ. ಕಡಲಿನದಲ್ಲ. ಮರದ್ದೂ ಅಲ್ಲ.
ಎಲ್ಲೋ ದೂರ ಬೆಟ್ಟವೊಂದು ಬಾಯಿಬಿಟ್ಟು
ಕೆಲವೇ ದಿನ ಬಾನಿನಿಂದ ಬೂದಿ ಸುರಿದು
ಹಸಿಹಸಿ ಜೌಗಿನ ಮೇಲೆ ಮಲಗಿತು.
ಸಾಸಿವೆಗಿಂತ ಸಣ್ಣ ಹರಳುಗಳಿವೆ ಇದರಲ್ಲಿ, ಇಸವಿ ಹೇಳುತ್ತವೆ:
ಮೂವತ್ತೊಂದು ಕೋಟಿ ವರ್ಷ.
ಮೇಲೆ ಮತ್ತೆ ಕಾಡು ಬೆಳೆಯಿತು, ಏನೂ ಆಗದ ಹಾಗೆ.

ಬೂದಿ ಮುಚ್ಚಿದ ಕೆಂಡ ಎನ್ನುತ್ತೇವಲ್ಲ,
ಇಲ್ಲಿ ಕೆಂಡವಾಗುವ ಮೊದಲೇ, ಇದ್ದಲಾಗುವ ಮೊದಲೇ,
ಎಲೆ ಎಲೆಯಾಗಿದ್ದಾಗಲೇ ಮುಚ್ಚಿತ್ತು ಬೂದಿ.
ಇಷ್ಟು ವರ್ಷ ಡೆಲ್ಫಿಯಾ ಸುಟ್ಟು ಸುಟ್ಟು ತೂಗಿದ್ದು
ಒಮ್ಮೆ ಸುಟ್ಟು ಮುಗಿದದ್ದನ್ನು.

ಗಣಿ ಈಗ ಮುಚ್ಚಿದೆ.
ಎಸೆದ ಕಲ್ಲಿನ ಗುಡ್ಡೆಗೆ ಹೊಸ ಬೇಲಿ.
ಅಪರೂಪದ ಲೋಹಗಳಿವೆಯಂತೆ ಅದರಲ್ಲಿ,
ಲ್ಯಾಂಥನಂ, ನಿಯೋಡೈಮಿಯಂ, ನಾಲಿಗೆ ಹೊರಳದ ಇನ್ನೇನೋ.
ಕೇಳಿ ನಗಲು ಹೋದ ಆರ್ಬಿನ್
ಕೆಮ್ಮಿ, ಕೆಮ್ಮಿ, ಕುರ್ಚಿಯ ಕೈ ಹಿಡಿದ.
ಅದೇ ಗುಡ್ಡೆಯ ಒಂದು ಪಾಲು ಅವನ ಎದೆಯಲ್ಲಿದೆ, ಬೇಲಿಯಿಲ್ಲದೆ.
ಎಕ್ಸ್‌ರೇಯ ಬಿಳಿ ಚುಕ್ಕಿಗಳನ್ನು ಡಾಕ್ಟರು ತೋರಿಸಿದರು.
ನೂರಕ್ಕೆ ಎಷ್ಟು ಎಂದು ಡೆಲ್ಫಿಯಾ ಕೇಳಿದಳು.
ಹಾಗೆ ಅಳೆಯುವುದಿಲ್ಲ, ಅಂದರು.

ಶನಿವಾರ ಸಂಜೆ. ಮೂಲೆಯಲ್ಲಿ ಆಮ್ಲಜನಕದ ಯಂತ್ರ ಗೊರಗೊರ.
ಮಡಿಲಲ್ಲಿ ಬೀನ್ಸ್ ಕಾಳು ಸುರಿದುಕೊಂಡು
ಡೆಲ್ಫಿಯಾ ಕಲ್ಲು ಆರಿಸುತ್ತಿದ್ದಾಳೆ.
ಒಂದು ಸಿಕ್ಕಿತು. ಕಾಳಿನದೇ ಬಣ್ಣ, ಕಾಳಿನದೇ ಗಾತ್ರ.
ಎಸೆಯಲು ಎತ್ತಿದ ಕೈ ದೀಪದ ಹತ್ತಿರ ನಿಂತಿತು.
"ನೀನು ಎಲ್ಲಿಯವನಪ್ಪಾ?"

ಆರ್ಬಿನ್ ಕಣ್ಣು ತೆರೆದ. "ಯಾರ ಹತ್ತಿರ ಮಾತು?"
"ಯಾರೋ ಬಂದಿದ್ದಾರೆ" ಎಂದು
ಅದನ್ನು ಕಿಟಕಿಯ ಕಟ್ಟೆಯ ಮೇಲೆ ಕೂರಿಸಿ
ಮತ್ತೆ ಕಾಳಿಗೆ ಬೆರಳು ಹಾಕಿದಳು.