ಆಪರೇಟರ್ ನಂಬರ್ ಹದಿನಾಲ್ಕು

ಫಾರಂ ಹದಿನಾರು ಬಂತು. ಹೆಸರು ನನ್ನದೇ,
ಎಂ. ಕೊಟ್ರಮ್ಮ, ನಿವೃತ್ತ, ಕೆ.ಟಿ.ಜೆ. ನಗರ, ದಾವಣಗೆರೆ.
ಪಿಂಚಣಿ ಸರಿ. ಹಿಡಿದ ತೆರಿಗೆಯೂ ಸರಿ,
ಇಪ್ಪತ್ತಾರು ಸಾವಿರದ ನಾನೂರು.
ಪ್ಯಾನಿನ ಮೂರನೇ ಅಕ್ಷರ ಮಾತ್ರ
ಎಫ್ ಇರಬೇಕಾದಲ್ಲಿ ಎಸ್.

ಕಂಪ್ಯೂಟರ್ ಅಂಗಡಿಯ ಹುಡುಗಿ ಪರದೆ ತಿರುಗಿಸಿದಳು.
ನನ್ನ ಲೆಕ್ಕದಲ್ಲಿ ಸೊನ್ನೆ.
“ನೀವು ಕಟ್ಟೇ ಇಲ್ಲ ಅಂತೈತಿ ಆಂಟಿ.”
ಹಾಗಾದರೆ ಯಾರದೋ ಮನೆಯಲ್ಲಿ ನನ್ನ ದುಡ್ಡು
ಕಾಲು ಚಾಚಿ ಕೂತಿದೆ.

ಈ ತಪ್ಪಿನ ಪರಿಚಯ ನನಗೆ ಹಳೆಯದು.
ಇಪ್ಪತ್ತೆರಡು ವರ್ಷ ಎಕ್ಸ್‌ಚೇಂಜಿನ ಮೇಲ್ಮಹಡಿ,
ಕಿವಿಗೆ ಹೆಡ್‌ಸೆಟ್, ಎದುರಿಗೆ ಜೇನುಹುಟ್ಟಿನಂಥ ಬೋರ್ಡು.
ಮಂಡಿಪೇಟೆಯ ಹತ್ತಿ ವ್ಯಾಪಾರಿ ಗುಂಟೂರು ಕೇಳಿದ,
ಗದ್ದಲದಲ್ಲಿ ಗುತ್ತೂರು ಕೊಟ್ಟೆ ಒಮ್ಮೆ.
ಅಲ್ಲಿ ಯಾರೋ ನಿದ್ದೆಗಣ್ಣಲ್ಲಿ
ಹತ್ತಿಯ ದರ ಪೂರಾ ಕೇಳಿಸಿಕೊಂಡು
“ಆಗ್ಲಿ ತಗೊಳ್ರಿ” ಅಂದುಬಿಟ್ಟರು.
ಎರಡೂ ಕಡೆಗೆ ಸಾರಿ ಹೇಳಿ ಜಾಕ್ ಕಿತ್ತೆ.
ಮೂರು ಸೆಕೆಂಡಿನ ಕೆಲಸ.

ಈಗ ಆರು ವಾರ.
ಕನ್ನಡಕ್ಕೆ ಮೂರು ಒತ್ತಿ. ಒತ್ತಿದೆ.
“ನಿಮ್ಮ ಕರೆ ನಮಗೆ ಮುಖ್ಯ” ಎಂದು ಒಬ್ಬಳು,
ಅವಳೂ ಮನುಷ್ಯಳಲ್ಲ, ನೂರ ಹದಿನೇಳು ಸಲ ಹೇಳಿದಳು.
ಎಣಿಸುವುದು ಹಳೇ ಚಾಳಿ.
ಮೂರು ನಿಮಿಷ ಆಗುತ್ತಲೇ ನಾಲಿಗೆಯ ತುದಿಗೆ ತಾನಾಗಿ ಬರುತ್ತದೆ,
“ತ್ರೀ ಮಿನಿಟ್ಸ್ ಓವರ್, ಮುಂದುವರಿಸ್ತೀರಾ?”

ಬ್ಯಾಂಕು ಹೇಳಿತು, ಅದು ಪಿಂಚಣಿ ಕೇಂದ್ರದ್ದು.
ಕೇಂದ್ರ ಹೇಳಿತು, ಬ್ರಾಂಚಿಗೆ ಹೋಗಿ.
ಇಲಾಖೆ ಹೇಳಿತು, ಹಿಡಿದವರೇ ತಿದ್ದಬೇಕು.
ಮೂವರದೂ ಸರಿ. ಮೂವರೂ ಲೈನಿನಲ್ಲೇ ಇದ್ದಾರೆ.
ನಡುವೆ ಜಾಕ್ ಹಿಡಿದು ನಿಂತವಳು ನಾನೊಬ್ಬಳು.

ಕೊನೆಗೆ ಪಿ.ಬಿ. ರಸ್ತೆಯ ಶಾಖೆ, ಐದನೇ ಕೌಂಟರು.
ಹುಡುಗ ಹೊಸಬ, ನನ್ನೆದುರೇ ಕೇಂದ್ರಕ್ಕೆ ಫೋನು ಹಚ್ಚಿದ.
“ಎಸ್ ಅಲ್ಲ ಮೇಡಂ, ಎಫ್. ಎಫ್. ಎಫ್!”
“ಹೌದು ಸರ್, ಎಸ್ಸೇ ಇದೆಯಲ್ಲ.”
ತಂತಿ ಹತ್ತಿದರೆ ಎಫ್ ತುಟಿ ಕಳಕೊಂಡು ಎಸ್ ಆಗುತ್ತದೆ,
ಎಪ್ಪತ್ತೊಂಬತ್ತನೇ ಇಸವಿಯಿಂದ ಬಲ್ಲೆ.
ತಂತಿಯೇ ಇಲ್ಲದ ಫೋನಿಗೂ ಅದೇ ಬುದ್ಧಿ.

“ಕೊಡಪ್ಪ ಇಲ್ಲಿ.”
ಗಾಜಿನ ಕೆಳಗಿನ ಸಂದಿಯಲ್ಲಿ ಕೈ ಚಾಚಿದೆ,
ಅವನು ಯಾಕೆ ಕೊಟ್ಟನೋ.
ಎಷ್ಟೋ ವರ್ಷದ ಮೇಲೆ ಆ ದನಿ ಗಂಟಲಿಗೆ ಬಂತು,
ಟ್ರಂಕಿನ ತಳದಿಂದ ತೆಗೆದ ಸೀರೆ, ಮಡಿಕೆ ಕೆಡದೆ.
“ಎಸ್ ಫಾರ್ ಶಿವಮೊಗ್ಗ, ಅದಲ್ಲ.
ಎಫ್ ಫಾರ್…”

ನಮ್ಮ ಸೀಮೆಯಲ್ಲಿ ಎಫ್‌ಗೆ ಊರೇ ಇಲ್ಲ.
ಫರೀದಾಬಾದ್ ಎಂದು ಕಡ ತರುತ್ತಿದ್ದೆವು,
ಯಾರೂ ಕಾಣದ ಊರು. ಆ ಗಳಿಗೆಗೆ ಅದೂ ಮರೆತು
ಕಣ್ಣಿಗೆ ಬಿದ್ದದ್ದು ಮೇಜಿನ ಮೇಲಿನ ಹೆಸರು.
“ಎಫ್. ತೌಸೀಫ್‌ನಲ್ಲಿ ಕೊನೇದು.
ನಡುವಿಂದಲ್ಲ.”

ಆ ಕಡೆ ಮೌನ. ಕೀಲಿಗಳ ಟಕಟಕ.
“ಸಿಕ್ತು ಮೇಡಂ.”
ತೌಸೀಫ್ ಫಲಕ ತನ್ನ ಕಡೆ ತಿರುಗಿಸಿಕೊಂಡು
ತನ್ನದೇ ಹೆಸರು ಓದುತ್ತಿದ್ದ.

ತಿದ್ದಿದ ಫಾರಂ ಜುಲೈ ಇಪ್ಪತ್ತೊಂಬತ್ತಕ್ಕೆ.
ಅಂಗಡಿಯ ಹುಡುಗಿ ನೂರೈವತ್ತು ತಗೊಂಡಳು,
ಜೆರಾಕ್ಸಿಗೆ ಮೇಲೆ ನಾಲ್ಕು.

ಆದರೆ ಆ ಎಸ್‌ನವರು? ಯಾವ ಊರೋ.
ಕೇಳಿದೆ, ಹೇಳುವ ಹಾಗಿಲ್ಲವಂತೆ.
ಕರೆಯದೆ ಬಂದ ದುಡ್ಡು ಹೇಳದೆ ಎದ್ದು ಹೋಯಿತು,
ಹೌಹಾರಿದರೋ, ನೋಡಲೇ ಇಲ್ಲವೋ.
ಯಾರೂ ಅವರಿಗೊಂದು ಮಾತು ಹೇಳಿರಲಾರರು.

ರಾತ್ರಿ ಪಾತ್ರೆ ತೊಳೆಯುತ್ತ ನಲ್ಲಿ ನಿಲ್ಲಿಸಿ,
ಇಲ್ಲದ ಮೌತ್‌ಪೀಸಿಗೆ ಬಾಗಿ,
ಸಾರಿ ರೀ, ರಾಂಗ್ ನಂಬರ್, ಅಂದೆ.
ಒಳಗಿನಿಂದ ತಂಗಿ, “ಯಾರೇ ಅದು?”
“ಎಸ್,” ಅಂದೆ.