ಖರಾರಾ

ಹೊನ್ನೂರಸಾಬರ ಕಬ್ಬಿಣದ ಬಾಚಣಿಗೆಯ ಬೆನ್ನ ಮೇಲೆ
ಇಂಗ್ಲಿಷಿನ ಎರಡು ಮಾತು ಕೆತ್ತಿತ್ತು.
ಏಳನೇ ಕ್ಲಾಸಿನ ನಾನು ಅಕ್ಷರ ಕೂಡಿಸಿ ಓದಿ
ನಕ್ಕುಬಿಟ್ಟೆ: ಕರ್ರಿ ಕೂಂಬ್.
'ಕುದ್ರಿಗೆ ಒಗ್ಗರಣಿ ಹಾಕಾದೇನ್ ತಾತ ಇದು?'

ಅವರು ನಗಲಿಲ್ಲ.
'ಕರಿ ಅಂದ್ರ ಕರಿ. ದಂಡಿನ ದೊರೆಗಳ ಕುದ್ರಿ ಎಲ್ಲಾ ಕರೇವು.
ನಮ್ಮ ಮುತ್ತಾತ ಅವನ್ನ ತಿಕ್ಕಿ ತಿಕ್ಕಿ
ನಮ್ಮ ಮಾತನ್ನ ಅವರ ಬಾಯಾಗ ಇಟ್ಟ'
ಎಂದವರೇ, ಹಲ್ಲಿಗೆ ಹತ್ತಿದ ಕೆಂಧೂಳನ್ನು
ಗಾಲಿಯ ಪಟ್ಟಿಗೆ ಬಡಿದು ಕೊಡವಿದರು.

ಅದಿರಿನ ಲಾರಿಗಳು ಸಾಲಾಗಿ ಹಾದ ದಿನ
ಬಿಳಿ ಪಿಸ್ತಾ ಸಂಜೆಗೆ ಕೆಂಪಾಗಿ ಬರುತ್ತಿದ್ದಳು.
ಕೌಲ್ ಬಜಾರಿನ ಬೇವಿನ ಬುಡದಲ್ಲಿ
ಕತ್ತಿನಿಂದ ಶುರು, ಆಮೇಲೆ ಹೆಗಲು, ಪಕ್ಕೆ,
ಖರ್ ಖರ್, ಖರ್ ಖರ್,
ಒಳಗಿನ ಬಿಳುಪು ಹೊರಗೆ ಬರುವ ತನಕ.
'ನಾವು ಖರಾರಾ ಅಂತೀವಿ.
ಸದ್ದ ಹೇಳ್ತೈತಲ್ಲ, ಹೆಸರು ಬ್ಯಾರೆ ಯಾಕ?'

ನಲವತ್ತು ವರ್ಷದ ಮೇಲೆ
ಗ್ರಂಥಾಲಯದ ದಪ್ಪ ನಿಘಂಟಿನಲ್ಲಿ
ಬೇರೇನನ್ನೋ ಹುಡುಕುತ್ತ ಆ ಮಾತಿಗೆ ಎಡವಿದೆ.
ಕರಿಯಲ್ಲ ತಾತ.
ನಾನಂದ ಒಗ್ಗರಣೆಯೂ ಅಲ್ಲ.
ಹಳೆಯ ಫ್ರೆಂಚರದಂತೆ: ಅಣಿ ಮಾಡು, ಸಜ್ಜುಗೊಳಿಸು.
ಗುಂತಕಲ್ಲಿನ ಮೊದಲ ಗಾಡಿ ಬರುವ ಹೊತ್ತಿಗೆ
ನೀವೂ ಪಿಸ್ತಾಳೂ ಸ್ಟೇಷನ್ ಮುಂದೆ
ತಲೆ ಒರೆಸಿಕೊಂಡು ನಿಂತಿರುತ್ತಿದ್ದಿರಲ್ಲ,
ಹಾಗೆ.

ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಇನ್ನೊಂದು ಅರ್ಥ:
ಹದಕ್ಕೆ ಬಂದ ತೊಗಲಿಗೆ ಎಣ್ಣೆಯುಣಿಸಿ
ತಿಕ್ಕಿ, ನಾದಿ, ಮೆತ್ತಗೆ ಮಾಡುವುದು.
ಬದುಕಿರುವ ಚರ್ಮಕ್ಕೂ ಸತ್ತ ಚರ್ಮಕ್ಕೂ
ಅವರಲ್ಲಿ ಒಂದೇ ಕ್ರಿಯಾಪದ.

ಬೆರಳು ಆ ಸಾಲಿನ ಮೇಲೇ ನಿಂತಿತು.

ಪಿಸ್ತಾ ಹೋಗಿ, ಜಟಕಾ ಗುಜರಿಗೆ ಹೋಗಿ,
ಬೇವಿನ ನೆರಳಿಗೆ ಆಟೋಗಳು ಬಂದ ಮೇಲೂ
ಹೊನ್ನೂರಸಾಬರು ದಿನಾ ಸಂಜೆ
ಅವಳ ಲಗಾಮನ್ನು ತೊಡೆಯ ಮೇಲೆ ಹಾಸಿ
ಅರಿವೆಯನ್ನು ಹರಳೆಣ್ಣೆಯಲ್ಲಿ ಅದ್ದಿ
ಬಾಯಿಯ ಕಡೆಯಿಂದ ಕೈಯ ಕಡೆಗೆ,
ಕೈಯ ಕಡೆಯಿಂದ ಬಾಯಿಯ ಕಡೆಗೆ.

'ಕುದ್ರೀನ ಇಲ್ಲ, ಯಾಕ ತಾತ ಇದು?'
ಎಂದು ಕೇಳಿದ್ದೇನೋ ನಿಜ,
ಹಾಲಿಗೆ ಹೊರಟಿದ್ದೆ, ಉತ್ತರಕ್ಕೆ ನಿಲ್ಲಲಿಲ್ಲ.

ಆ ತಿಕ್ಕುವಿಕೆಗೆ ಸದ್ದೇ ಇರಲಿಲ್ಲ.
ಅದಕ್ಕೇ ಇದ್ದೀತು,
ನಮ್ಮ ಓಣಿಯಲ್ಲಿ ಅದಕ್ಕೊಂದು ಹೆಸರೂ ಇರಲಿಲ್ಲ.