ಹೀಯುಮಾ ದ್ವೀಪಕ್ಕೆ

ಎರಡೂವರೆ ವರ್ಷದ ಊಕು
ಕೆಂಪು ಗುಂಡಿ ಒತ್ತಲು ಕಲಿತ ದಿನದಿಂದ
ಕೈರಿಗೆ ಕಾರೆಂದರೆ ಕುಸ್ತಿ.
ಬಿಲ್ಲಿನಂತೆ ಬೆನ್ನು ಸೆಟೆಸಿ ಕಿರುಚುತ್ತಾನೆ.
ದಪ್ಪ ಕೋಟು ಕಳಚು, ಪಟ್ಟಿ ಬಿಗಿ,
ಎದೆಗೂ ಪಟ್ಟಿಗೂ ನಡುವೆ ಒಂದೇ ಬೆರಳು,
ಕೋಟನ್ನು ಮೇಲೆ ಹೊದಿಸು, ಬೆವರೊರೆಸಿಕೋ.

ಇವತ್ತು ಬಾಲ್ಟಿಕ್ ಕಡಲು ಹೆಪ್ಪುಗಟ್ಟಿ ರಸ್ತೆಯಾಗಿದೆ.
ದಡದ ಕಾವಲಿನವನು ಕಿಟಕಿ ತಟ್ಟಿದ:
‘ಮಂಜಿನ ಮೇಲೆ ಪಟ್ಟಿ ಬಿಚ್ಚಿರಬೇಕು. ಎಲ್ಲರದೂ.
ಒಡೆದರೆ ಹೊರಬೀಳಲು.’

ಅವಳ ಬೆರಳಿಗೆ ಗುಂಡಿಯೇ ಸಿಗಲಿಲ್ಲ.
ಊಕುವೇ ಒತ್ತಿದ. ಟಕ್.

ಇಪ್ಪತ್ತಾರು ಕಿಲೋಮೀಟರು
ಅವನು ಅಲುಗಲಿಲ್ಲ.
ಸಡಿಲ ಪಟ್ಟಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದು
ಕನ್ನಡಿಯಲ್ಲಿ ಅಮ್ಮನ ಮುಖವನ್ನೇ ನೋಡಿದ.

ಆಚೆ ದಡ. ನೆಲ. ಟಕ್.
ಮತ್ತೆ ಬಿಲ್ಲು, ಮತ್ತೆ ಅದೇ ಅರಚಾಟ.
ಕಿರುಚು ಮಗನೇ, ಅಂದಳು,
ಇನ್ನೂ ಜೋರಾಗಿ.